ಹದ ಬಂದೈತೇನ ನೋಡು

ಪ್ರಿಯ ಓದುಗರೇ,

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಎರಡು ವಾರ ತಡವಾಗಿ ನಿಮ್ಮ ಕೈಸೇರುತ್ತಿದೆ. ಇಬ್ಬರು ಮಕ್ಕಳನ್ನು ಕರೆದುಕೊಂಡು ಮೇ ಕೊನೆಯ ವಾರದಿಂದ ಜುಲೈ 8ರವರೆಗೆ ಕೊಪ್ಪಳ ಜಿಲ್ಲೆಯ ನನ್ನ ತವರಿನಲ್ಲಿದ್ದೆ. ಊರಿನಲ್ಲಿ ಕುಳಿತೇ ಸಂಪಾದಕೀಯ ಬರೆದು ಕಳಿಸುತ್ತೇನೆ ಎಂದು ಸಮಿತಿಗೆ ಮಾತು ಕೊಟ್ಟಿದ್ದೆ. ಆಗಲಿಲ್ಲ. ಆರು ವಾರಗಳಲ್ಲಿ ಲ್ಯಾಪ್‌ಟಾಪು ಚೀಲದಿಂದ ಹೊರಬಂದದ್ದು ಎರಡೇ ಸಲ. ಉಳಿದ ಹೊತ್ತೆಲ್ಲ ಕೈಗೆ ಹಿಟ್ಟೋ ಮಣ್ಣೋ ಅಂಟಿಕೊಂಡಿತ್ತು. ತಡಕ್ಕೆ ಕ್ಷಮೆ ಇರಲಿ.

ಟೆಕ್ಸಾಸಿಗೆ ಬಂದ ಮೇಲೆ ನಾವು ಊರಿಗೆ ಹೋಗುತ್ತಿದ್ದದ್ದು ಡಿಸೆಂಬರಿನಲ್ಲೇ. ನಿಮ್ಮಲ್ಲಿ ಬಹಳ ಮಂದಿಯೂ ಹಾಗೇ. ಚಳಿಗಾಲ, ಮಕ್ಕಳಿಗೆ ಬಿಸಿಲು ತಾಗುವುದಿಲ್ಲ, ಮದುವೆಗಳೂ ಸಿಗುತ್ತವೆ. ಆದರೆ ಆ ಮೂರು ವಾರ ಹೇಗೆ ಕಳೆಯುತ್ತದೆ ಎಂದು ನೆನೆಸಿಕೊಳ್ಳಿ. ದಿನಕ್ಕೆರಡು ಮನೆ, ಪ್ರತಿ ಮನೆಯಲ್ಲೂ ಒಂದು ತಟ್ಟೆ ಅವಲಕ್ಕಿ, ಒಂದು ಕಪ್ ಚಹಾ, ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಫೋಟೊ. ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ಅಜ್ಜಿಯ ಮುಖ ಗೊತ್ತು, ಅಜ್ಜಿಯ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಹೋದ ಯುಗಾದಿಗೆ ಫೋನು ಮಾಡಿದಾಗ ಅವ್ವ ಅಂದಳು: 'ಪ್ರತಿ ಸಲ ನೆಂಟರಂಗ ಬರ್ತೀರಿ. ಈ ಸಲ ಮನಿಯವರಂಗ ಬರ್ರಿ. ಬ್ಯಾಸಗಿ ಕೆಲಸ ರಗಡ ಇರ್ತೈತಿ.' ಆ ಮಾತು ನನಗೆ ನಾಟಿತು. ಶಾಲೆ ಬಿಟ್ಟ ಮರುದಿನವೇ ವಿಮಾನ ಹತ್ತಿದೆವು.

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್. ಬೆಳಿಗ್ಗೆ ಹೊಸಪೇಟೆ ದಾಟಿದ ಮೇಲೆ ಕಿಟಕಿಯಲ್ಲಿ ಬಂಡೆಗುಡ್ಡಗಳು, ಬಳ್ಳಾರಿ ಜಾಲಿಯ ಪೊದೆಗಳು, ಆಮೇಲೆ ಕೊಪ್ಪಳ. ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಅವ್ವ ಆಕಾಶ ನೋಡುತ್ತ ನಿಂತಿದ್ದಳು. ಈ ವರ್ಷ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು, ವಾಡಿಕೆಗಿಂತ ಒಂದು ವಾರ ಮೊದಲು. ನಮ್ಮ ಕಡೆಗೂ ಮೋಡ ಕಟ್ಟತೊಡಗಿತ್ತು. ಅವ್ವನ ಕುರುಡಗಿಗೆ, ಅಂದರೆ ಬಿಸಿಲಲ್ಲಿ ಒಣಗಿಸುವ ಗೋಧಿ ಸಂಡಿಗೆಗೆ, ಗೋಧಿ ನೆನೆಹಾಕಿ ಎರಡು ದಿನವಾಗಿತ್ತು, ಇನ್ನೊಂದು ದಿನ ಬೇಕಿತ್ತು. ಬಿಸಿಲು ತಪ್ಪಿದರೆ ವರ್ಷದ ಕುರುಡಗಿ ತಪ್ಪಿದ ಹಾಗೆ.

ಮೂರು ದಿನ, ದಿನವೂ ನೀರು ಬದಲಿಸುತ್ತ ಗೋಧಿ ನೆನೆಯಬೇಕು. ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆಯಬೇಕು. ರಾತ್ರಿಯೆಲ್ಲ ಅದು ತಳ ಕಟ್ಟಿದ ಮೇಲೆ ಮೇಲಿನ ತಿಳಿನೀರು ಬಸಿದು, ಕುದಿಯುವ ಉಪ್ಪುನೀರಿಗೆ ಸುರಿದು ಗಂಟಾಗದಂತೆ ತಿರುವಬೇಕು. ತಿರುವುವುದು ಗಂಡಸರ ರಟ್ಟೆಯನ್ನೂ ಸೋಲಿಸುವ ಕೆಲಸ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸಿದರೆ ಬಿಸಿಲೇರುವ ಹೊತ್ತಿಗೆ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಚಕ್ಕುಲಿ ಒರಳಿನಲ್ಲಿ ಬಿಸಿಬಿಸಿಯಾಗಿಯೇ ಒತ್ತಬೇಕು. ಎಂಟು ವರ್ಷದ ಮಗ ನಿದ್ದೆಗಣ್ಣಲ್ಲಿ ಒಲೆಯ ಮುಂದೆ ಕುಳಿತಿದ್ದ. ಅವ್ವ ಅವನಿಗೆ ಅಂದಳು: 'ಬೆರಳು ನೀರಾಗ ಅದ್ದಿ ಮುಟ್ಟು. ಹದ ಬಂದೈತೇನ ನೋಡು.'

ಅವನು ನನ್ನ ಕಡೆ ತಿರುಗಿ, 'ಹದ ಅಂದ್ರೇನಮ್ಮಾ?' ಎಂದ.

ಸಂಘದ ಕನ್ನಡ ತರಗತಿಯಲ್ಲಿ ಏಳು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. 'ಸರಿಯಾಗಿ ಆಗಿರುವುದು' ಎಂದೆ. ಅದು ಉತ್ತರವಲ್ಲ ಎಂದು ಹೇಳುವಾಗಲೇ ಗೊತ್ತಾಯಿತು. ಅಷ್ಟರಲ್ಲಿ ಅವನು ಬೆರಳು ಅದ್ದಿ ಹಿಟ್ಟು ಮುಟ್ಟಿದ್ದ. ಅಂಟಿತು. 'ಇನ್ನಾ ಬರ್ಬೇಕು' ಎಂದಳು ಅವ್ವ. ಹತ್ತು ನಿಮಿಷದ ನಂತರ ಮತ್ತೆ ಮುಟ್ಟಿಸಿದಳು. ಅಂಟಲಿಲ್ಲ, ಬೆರಳಿನ ಗುರುತು ಮಾತ್ರ ಉಳಿಯಿತು. 'ಹಾಂ, ಈಗ ಬಂತು.' ಅವನ ಮುಖದಲ್ಲಿ ಏನೋ ತಿಳಿದ ಬೆಳಕು.

ಕುರುಡಗಿಯ ಕಾವಲು ಮಕ್ಕಳದು. ಕಾಗೆ ಬರದಂತೆ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟು, ಬೇವಿನ ನೆರಳಿನಲ್ಲಿ ಕೋಲು ಹಿಡಿದು ಕುಳಿತಿದ್ದರು. ಎರಡನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ ದಿಕ್ಕಿನಿಂದ ಗಾಳಿಯೆದ್ದಿತು. ಮಗಳು ಕೂಗಿದಳು. ಓಣಿಯ ಹೆಂಗಸರೆಲ್ಲ ತಂತಮ್ಮ ಮಾಳಿಗೆಗೆ ಓಡಿದರು. ತಮ್ಮದನ್ನು ಸುತ್ತಿಟ್ಟು ನಮ್ಮ ಮಾಳಿಗೆಗೂ ಬಂದರು. ಆದರೂ ಎರಡು ಸೀರೆಯಷ್ಟು ತೊಯ್ದು ಹೋಯಿತು. ನನ್ನ ಮಗ ಅತ್ತುಬಿಟ್ಟ. ತಾನು ಇನ್ನೂ ಸ್ವಲ್ಪ ಮೊದಲೇ ಮೋಡ ನೋಡಬೇಕಿತ್ತಂತೆ. ಅವ್ವ ತೊಯ್ದದ್ದನ್ನು ಎಮ್ಮೆಗೆ ಹಾಕಿ ಬಂದು ಅವನ ಕಣ್ಣೊರೆಸಿ, 'ರೋಹಿಣಿ ಮಳಿ ಬಂತಂದ್ರ ಓಣಿಯೆಲ್ಲಾ ಜ್ವಾಳ ಅಂತಾರ. ಕುರುಡಗಿ ಹೋದ್ರ ಹೋಗ್ಲಿ, ಮಳಿ ಬಂತಲ್ಲ' ಎಂದಳು.

ಮಳೆ ಬಂದದ್ದರಿಂದ ಹಿತ್ತಿಲ ಕೆಲಸ ಮುಂದಕ್ಕೆ ಬಂತು. ಮರುದಿನವೇ ಬಿತ್ತೋಣ ಎಂದು ಮಗಳ ಗಡಿಬಿಡಿ. ಅವ್ವ ಎರಡು ದಿನ ತಡೆದಳು. ನಮ್ಮದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಹಸಿಯಿದ್ದಾಗ ಕಾಲಿಟ್ಟರೆ ಚಪ್ಪಲಿಯ ಸಮೇತ ಹಿಡಿದುಕೊಳ್ಳುತ್ತದೆ. ಆಗ ಅಗೆದರೆ ಹೆಂಟೆ ಹೆಂಟೆಯಾಗಿ ಎದ್ದು, ಒಣಗಿದ ಮೇಲೆ ಕಲ್ಲಾಗುತ್ತದೆ. ತೀರ ಒಣಗಿದ ಮೇಲೆ ಹೋದರೆ ಗುದ್ದಲಿಯೇ ಇಳಿಯುವುದಿಲ್ಲ. ಇವೆರಡರ ನಡುವೆ ಒಂದೆರಡು ದಿನ ಸಿಗುತ್ತದೆ. ಮೂರನೆಯ ಬೆಳಿಗ್ಗೆ ಅವ್ವ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ, ಟೊಂಕದ ಎತ್ತರದಿಂದ ಬಿಟ್ಟಳು. ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು. ಮಗ ನನಗಿಂತ ಮೊದಲು ಹೇಳಿದ: 'ಹದ ಬಂತು!'

ಬೀಜಗಳೆಲ್ಲ ಅಡುಗೆಮನೆಯ ಮೂಲೆಯ ಗಡಿಗೆಗಳಲ್ಲಿ, ಒಲೆಯ ಬೂದಿಯಲ್ಲಿ ಹೊರಳಿಸಿಟ್ಟವು. ಬೂದಿ ತೇವ ಹೀರುತ್ತದೆ, ನುಸಿ ಹತ್ತಗೊಡುವುದಿಲ್ಲ. ಹೀರೆಯ ಬೀಜ ಮಾತ್ರ ಒಣಗಿದ ಕಾಯಿಯೊಳಗೇ ತೊಲೆಗೆ ತೂಗಿಬಿದ್ದಿತ್ತು. ಅಲುಗಾಡಿಸಿದರೆ ಗಿಲಿಗಿಲಿ ಅನ್ನುತ್ತದೆ. ಮೆಂತ್ಯ, ರಾಜಗಿರಿ, ಪುಂಡಿಗೆ ಮಡಿ. ಚವಳಿ, ಬೆಂಡಿಗೆ ಸಾಲು. ಬೇಲಿಗುಂಟ ಹೀರೆ, ಹಾಗಲ, ಅವರೆ. ಬಚ್ಚಲ ನೀರು ಹರಿದುಹೋಗುವ ಕಾಲುವೆಯ ಬಾಯಿಗೆ ಬಾಳೆ ಮೊದಲೇ ಇತ್ತು. ನರ್ಸರಿಯಿಂದ ತಂದ ಇಪ್ಪತ್ತು ಬದನೆ ಸಸಿ ನೆಟ್ಟ ರಾತ್ರಿಯೇ ಯಾರದೋ ಆಡು ನುಗ್ಗಿ ಹದಿನೇಳನ್ನು ಮೇಯ್ದು ಹೋಯಿತು. ಮರುದಿನ ಬಳ್ಳಾರಿ ಜಾಲಿಯ ಮುಳ್ಳು ಕಡಿದು ತಂದು ಬೇಲಿ ಒತ್ತಾಗಿ ಕಟ್ಟಿದೆವು. ನನ್ನ ಅಂಗೈಯ ಗೀರು ಇನ್ನೂ ಮಾಯ್ದಿಲ್ಲ. ಉಳಿದ ಮೂರು ಬದನೆ ಗಿಡಗಳನ್ನು ಮಗಳು ಮಕ್ಕಳಂತೆ ನೋಡಿಕೊಂಡಳು.

ಜೂನ್ ತುಂಬ ಮನೆಗೆ ಮಂದಿ. ಬಳ್ಳಾರಿಯಿಂದ ಅಕ್ಕನ ಕುಟುಂಬ, ರಾಯಚೂರಿನಿಂದ ಚಿಕ್ಕಪ್ಪನವರು, ನನ್ನ ಜೊತೆ ಹೈಸ್ಕೂಲು ಓದಿದ ಗೆಳತಿ. ಹಂಪಿ ನೋಡಲು ಬಂದಿದ್ದ ನಮ್ಮ ಸಂಘದ್ದೇ ಒಂದು ಕುಟುಂಬ ಹೋಟೆಲು ಬಿಟ್ಟು ನಮ್ಮಲ್ಲಿ ಎರಡು ರಾತ್ರಿ ಉಳಿದಿತ್ತು. ಅವ್ವನ ಮನೆಯಲ್ಲಿ ಬಂದವರಿಗೆ ನೀರು, ಬೆಲ್ಲ ಕೊಟ್ಟ ಮೇಲೆ ಕೈಗೊಂದು ಕೆಲಸವೂ ಸಿಗುತ್ತದೆ. ಬಳ್ಳಾರಿಯ ಭಾವ ಈಳಿಗೆ ಮಣೆಯ ಮೇಲೆ ಕುಳಿತು ಉಪ್ಪಿನಕಾಯಿಗೆ ಎಪ್ಪತ್ತು ಮಾವು ಹೋಳು ಮಾಡಿದರು. ಟೆಕ್ಸಾಸಿನ ಗೆಳೆಯರು ಇಬ್ಬರೂ ಕುಸುಬಿ ಎಣ್ಣೆ ಕಾಯಿಸಿ ಆರಿಸುವ ಕೆಲಸಕ್ಕೆ ನಿಂತರು. ಆ ಎಣ್ಣೆಯ ವಾಸನೆ ನಮ್ಮ ಕಡೆಯವರಿಗೆ ಮನೆಯ ವಾಸನೆ. ಅವರು ದಕ್ಷಿಣದವರು, ಅವರಿಗೆ ಹೊಸತು. ಎರಡನೆಯ ದಿನ ಹೊರಡುವಾಗ ಒಂದು ಡಬ್ಬಿ ಉಪ್ಪಿನಕಾಯಿಗೆ ತಾವಾಗಿಯೇ ಕೈಚಾಚಿದರು. ಕೆಲಸ ಮಾಡಿದವರಿಗೆ ಕೇಳುವ ಸಲಿಗೆ ಬರುತ್ತದೆ. ಎಷ್ಟೋ ವರ್ಷ ಒಂದೇ ಸಭಾಂಗಣದಲ್ಲಿ ಅಕ್ಕಪಕ್ಕ ಕುಳಿತು ಯುಗಾದಿ ಊಟ ಮಾಡಿದ್ದರೂ ನಮ್ಮ ನಡುವೆ ಆ ಸಲಿಗೆ ಇರಲಿಲ್ಲ.

ಮಾವು ಮುಗಿಯುವ ಕಾಲ. ಕೊಪ್ಪಳದ ಕೇಸರ್ ಹಣ್ಣು ಈಗ ಹೆಸರುವಾಸಿ. ಅದರ ಸೀಕರಣೆ, ಹೋಳಿಗೆ ಮೇಲೆ ತುಪ್ಪ. ಸಂಜೆ ಪೇಟೆಗೆ ಹೋದರೆ ಮಂಡಕ್ಕಿ ಮಿರ್ಚಿ. ಇವನ್ನೆಲ್ಲ ಬಣ್ಣಿಸಿ ನಿಮ್ಮ ಬಾಯಲ್ಲಿ ನೀರೂರಿಸುವುದು ನನ್ನ ಉದ್ದೇಶವಲ್ಲ. ಹೇಳಲೇಬೇಕಾದದ್ದು ರೊಟ್ಟಿಯ ಮಾತು.

ಮಗಳು ರೊಟ್ಟಿ ಕಲಿಯುತ್ತೇನೆಂದು ಹಟ ಹಿಡಿದಳು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರು ಹಾಕಿ ಕಲಸಿದರೆ ಬಡಿಯುವಾಗ ಅಂಚು ಬಿರಿದು ಹೋಗುತ್ತದೆ. ಅದಕ್ಕೇ ಕುದಿಯುವ ಎಸರು ಹಾಕುವುದು. ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ನಾದುವುದು, ನಾದುತ್ತಲೇ ಇರುವುದು. ಮೊದಲ ದಿನ ಅವಳ ರೊಟ್ಟಿ ತವೆಗೆ ಹೋಗುವ ಮೊದಲೇ ಮೂರು ತುಂಡು. ಮೂರನೆಯ ದಿನ ದಪ್ಪ. ಒಂಬತ್ತನೆಯ ದಿನ ತವೆಯ ಮೇಲೆ ಒಂದು ರೊಟ್ಟಿ ಪೂರ್ತಿ ಉಬ್ಬಿತು. ಅವಳು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು, ಆಚೆ ಮನೆಯ ಆಯಿ ಏನಾಯಿತೋ ಎಂದು ಓಡಿ ಬಂದರು. ಆ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ, ಗುರೆಳ್ಳು ಚಟ್ನಿ ಹಚ್ಚಿ, ಆಯಿಗೂ ಒಂದು ತುಂಡು ಕೊಟ್ಟು ತಿಂದೆವು. ಹಿಟ್ಟಿನ ಹದ ಹೇಗೆ ಗೊತ್ತಾಯಿತು ಎಂದು ಕೇಳಿದೆ. 'ಕೈಗೆ ಗೊತ್ತಾಗ್ತದೆ' ಅಂದಳು. ಅವಳ ಅಜ್ಜಿ ಹೇಳುವುದೂ ಇದೇ ಮಾತು.

ಜೂನ್ ಎರಡನೆಯ ವಾರ ಕಾರ ಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ, ಅಂದರೆ ಅಗಸಿಗೆ ಅಡ್ಡ ಕಟ್ಟಿದ ತೋರಣದ ಹಗ್ಗ, ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಬಂದರೆ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಬಂದರೆ ಮುಂಗಾರಿ ಪೈರು ಎಂಬ ನಂಬಿಕೆ. ನಾನು ಚಿಕ್ಕವಳಿದ್ದಾಗ ಅಗಸಿ ಬಾಗಿಲಲ್ಲಿ ಎತ್ತುಗಳ ನೂಕುನುಗ್ಗಲು. ಮಕ್ಕಳನ್ನು ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದರು. ಈ ಸಲ ಎಣಿಸಿದರೆ ಒಂಬತ್ತು ಜೋಡಿ. ಟ್ರ್ಯಾಕ್ಟರಿಗೂ ಕುಂಕುಮ ಹಚ್ಚಿ ಹೂವು ಕಟ್ಟಿದ್ದರು. ನನಗೆ ಸಂಕಟವಾಯಿತು. ಮಕ್ಕಳಿಗೆ ಒಂಬತ್ತು ಜೋಡಿಯೇ ಜಾತ್ರೆ. ಕರಿಗಡಬು ತಿಂದು, ಕೆಂದೆತ್ತು ಗೆದ್ದದ್ದನ್ನು ಅಪ್ಪನಿಗೆ ಫೋನಿನಲ್ಲಿ ವರದಿ ಮಾಡಿದರು.

ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯಂಗಳದ ಎರಿ ಮಣ್ಣು ತಂದು ಮಕ್ಕಳು ಎತ್ತು ಮಾಡಿದರು. ಮೊದಲ ಜೋಡಿಯನ್ನು ಬಿಸಿಲಿಗಿಟ್ಟಿದ್ದರಿಂದ ಮಧ್ಯಾಹ್ನಕ್ಕೆ ಬೆನ್ನು ಬಿರಿಯಿತು. ಎರಿ ಮಣ್ಣು ಒಣಗುವಾಗ ಕುಗ್ಗುತ್ತದೆ. ನೆರಳಿನಲ್ಲಿ ನಿಧಾನ ಒಣಗಿಸಬೇಕು. ಎರಡನೆಯ ಜೋಡಿ ನಿಂತಿತು. ಮೇವು ಹಾಕುವ ಗ್ವಾದಲಿಯನ್ನೂ ಮಾಡಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸಿ ದೇವರ ಜಗಲಿಯ ಮೇಲೆ ಇಟ್ಟರು. ಅಷ್ಟು ಹೊತ್ತಿಗೆ ಮೈಸೂರು ಕಡೆಯವರಾದ ನನ್ನ ಯಜಮಾನರೂ ರಜೆ ಹಾಕಿ ಬಂದಿದ್ದರು. ಮಗ ಅವರಿಗೆ ಮಣ್ಣಿನ ಹದ ನೋಡುವುದು ಹೇಗೆ ಎಂದು ಹೇಳಿಕೊಡುತ್ತಿದ್ದ, ಅದೂ ಅಜ್ಜಿಯ ಮಾತಿನಲ್ಲಿ: 'ಮುಷ್ಟ್ಯಾಗ ಹಿಡದು ನೋಡ್ರಿ ಪಪ್ಪಾ.'

ತರಗತಿಯಲ್ಲಿ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ: ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡು ಯಾವುದೆಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಮಹಾಕೊಪಣ ನಗರವನ್ನೂ ಹೆಸರಿಸುತ್ತದೆ, ಆ ಕೊಪಣವೇ ಇಂದಿನ ಕೊಪ್ಪಳ, ನನ್ನ ಊರಿನ ಸೀಮೆ. ಹೇಳುವಾಗ ಹೆಮ್ಮೆಯೆನಿಸುತ್ತದೆ. ಆದರೆ ಅಲ್ಲಿಂದ ಮಕ್ಕಳಿಗೆ ಒಂದು ಪದವನ್ನೂ ತಂದುಕೊಟ್ಟಿರಲಿಲ್ಲ. ಹದ, ಮಡಿ, ಹೆಂಟೆ, ಎಸರು, ನಾದು, ಬಸಿ, ಗ್ವಾದಲಿ: ಇವನ್ನು ನನ್ನ ಮಕ್ಕಳು ಪಟ್ಟಿ ಬರೆದು ಕಲಿತದ್ದಲ್ಲ. ಎಸರು ಕೈಗೆ ಸಿಡಿದಾಗ 'ಎಸರು' ಕಲಿತರು.

ತಿರುಗಾಟ ಹೆಚ್ಚು ಮಾಡಲಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡಕ್ಕೆ ನಸುಕಿನಲ್ಲೇ ಹತ್ತಿದೆವು. ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಮನೆಗಳು, ನಿಲ್ಲಿಸಿದ ಚಪ್ಪಡಿಗಳ ಮೇಲೆ ಹೊದಿಸಿದ ಚಪ್ಪಡಿ, ಕೆಲವಕ್ಕೆ ದುಂಡನೆಯ ಕಿಂಡಿ. ಜನ ಮೋರ್ಯರ ಮನೆ ಅನ್ನುತ್ತಾರೆ. ಅಲ್ಲಿ ಒಂದು ಫಲಕದ ಹೊರತು ನೆರಳಿಲ್ಲ, ನೀರಿಲ್ಲ. ಹೋಗುವವರು ನೀರು ಒಯ್ಯಿರಿ, ಬೆಳಿಗ್ಗೆ ಎಂಟರೊಳಗೆ ಇಳಿಯಿರಿ. ಇನ್ನೊಂದು ದಿನ ಕುಕನೂರು ದಾಟಿ ಇಟಗಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಅವ್ವ ನನ್ನ ಮದುವೆಯಾದ ವರ್ಷ ಬಂದಿದ್ದಳಂತೆ, ಆಮೇಲೆ ಈಗಲೇ. ಬಾಗಿಲವಾಡದ ಕೆತ್ತನೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕಿನ್ನಾಳದಲ್ಲಿ ಮಾತ್ರ ಅರ್ಧ ದಿನ ಕಳೆಯಿತು. ಚಿತ್ರಗಾರರ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಗೊಂಬೆ ಆಗುವುದನ್ನು ನೋಡಿದೆವು. ಹಗುರ ಮರದಲ್ಲಿ ಕೊರೆದ ಅಂಗಗಳನ್ನು ಜೋಡಿಸಿ, ಸಂದುಗಳಿಗೆ ಕಿಟ್ಟ ಮೆತ್ತುತ್ತಾರೆ. ಕಿಟ್ಟವೆಂದರೆ ನೆನೆಸಿದ ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕುಟ್ಟಿ ಮಾಡಿದ ಮುದ್ದೆ. ಅದರ ಮೇಲೆ ಬಿಳಿ ಬಳಿದು, ಒಣಗಿದ ಮೇಲೆ ಬಣ್ಣ. ಹಂಪಿಯ ವಿರೂಪಾಕ್ಷನ ಗುಡಿಯ ಚಾವಣಿಯಲ್ಲಿ ಬಣ್ಣ ತುಂಬಿದವರು ತಮ್ಮ ಹಿರಿಯರೇ ಎಂದು ಅವರು ಹೇಳುತ್ತಾರೆ. ಮುದ್ದೆ ಕುಟ್ಟುತ್ತಿದ್ದ ಮುದುಕರನ್ನು ನನ್ನ ಮಗ ತಾನಾಗಿಯೇ ಕೇಳಿದ: 'ಹದ ಬಂದೈತೇನ್ರೀ?' ಅವರು ಕೈ ನಿಲ್ಲಿಸಿ, ನಮ್ಮ ಬಟ್ಟೆಬರೆ ನೋಡಿ, ಮತ್ತೆ ಅವನನ್ನು ನೋಡಿ, ಚಿಟಿಕೆಯಷ್ಟು ಕಿಟ್ಟವನ್ನು ಅವನ ಅಂಗೈಗೆ ಹಾಕಿದರು. 'ನೀನ ಹೇಳಪ್ಪ' ಎಂದರು.

ಜುಲೈ ಮೊದಲ ವಾರ ತುಂಗಭದ್ರೆ ನೋಡಲು ಮುನಿರಾಬಾದಿಗೆ ಹೋದೆವು. ಹುಲಿಗೆಮ್ಮನ ದರ್ಶನ ಮುಗಿಸಿ ಅಣೆಕಟ್ಟಿನ ಕಡೆ ಬಂದರೆ ಗೇಟುಗಳನ್ನು ಎತ್ತಿ ನದಿಗೆ ನೀರು ಬಿಟ್ಟಿದ್ದರು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಿತ್ತು ಕೊಚ್ಚಿಹೋದದ್ದನ್ನು ನಾವೆಲ್ಲ ಟೆಕ್ಸಾಸಿನಲ್ಲಿ ಫೋನು ಹಿಡಿದು ನಿದ್ದೆಗೆಟ್ಟು ನೋಡಿದ್ದೆವು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆ ಇಳಿಸಿ ವಾರದೊಳಗೆ ಅದನ್ನು ಮುಚ್ಚಿದ ತಂಡಕ್ಕೆ ನಮ್ಮ ಸೀಮೆಯ ರೈತರು ಇಂದಿಗೂ ಕೈಮುಗಿಯುತ್ತಾರೆ. ಹೊಸ ಗೇಟು ಕೂರಿಸುವವರೆಗೆ ಸುರಕ್ಷತೆಗಾಗಿ 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನೀರು ನಿಲ್ಲಿಸುವುದಿಲ್ಲ ಎಂದಿದ್ದರು. ಹೂಳು ತುಂಬಿ ಮೊದಲಿನ 133 ಟಿಎಂಸಿಯ ಜಲಾಶಯ ಆಗಲೇ 105ಕ್ಕೆ ಇಳಿದಿತ್ತು. ಸೇತುವೆಯ ಮೇಲೆ ನಮ್ಮ ಪಕ್ಕ ನಿಂತಿದ್ದ ಗಂಗಾವತಿ ಕಡೆಯ ಭತ್ತದ ರೈತರೊಬ್ಬರು ನೊರೆಯನ್ನೇ ನೋಡುತ್ತ, 'ನೀರು ಬಂದೈತಿ, ಹಿಡಿಯಾಕ ಆಗವಲ್ದು' ಎಂದರು. ಅವರಿಗೆ ಏನು ಹೇಳಬೇಕೋ ತಿಳಿಯದೆ ನಾವು ಸುಮ್ಮನೆ ನಿಂತೆವು.

ಅಷ್ಟರಲ್ಲಿ ಹಿತ್ತಿಲು ತುಂಬಿತ್ತು. ಮೆಂತ್ಯ, ರಾಜಗಿರಿ ಎರಡು ಸಲ ಕಿತ್ತು ತಿಂದಾಗಿತ್ತು. ಹೊರಡುವ ಹಿಂದಿನ ದಿನ ಪುಂಡಿ ಕೊಯ್ದು, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದೆವು. ಸಂಜೆ ಬೇಲಿಯ ಮೇಲೆ ಹೀರೆ ಹೂವು ಅರಳಿತು. ಹೀರೆ ಅರಳುವುದೇ ಹೊತ್ತು ಮುಳುಗುವಾಗ. ಹಳದಿ ಹೂವು ಆ ಮಬ್ಬಿನಲ್ಲಿ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಮಗಳು ಹೂವಿನ ಬುಡದಲ್ಲಿ ಕಾಯಿ ಹುಡುಕಿದಳು. ಇರಲಿಲ್ಲ. 'ಇವು ಗಂಡು ಹೂವು. ಮೊದಲು ಇವ ಬರ್ತಾವು. ಹೆಣ್ಣು ಹೂವಿಗೆ ಇನ್ನೊಂದು ವಾರ' ಎಂದಳು ಅವ್ವ. ನಮ್ಮ ಹತ್ತಿರ ಒಂದು ವಾರ ಇರಲಿಲ್ಲ.

ಬೀಜವನ್ನಾದರೂ ಒಯ್ಯೋಣ ಎಂದು ಮಗ ಮೆಂತ್ಯ, ಚವಳಿಯ ಪೊಟ್ಟಣ ಕಟ್ಟಿದ್ದ. ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜವನ್ನು ಅಮೆರಿಕಕ್ಕೆ ತರುವಂತಿಲ್ಲ. ಬೇರೆ ಮಣ್ಣಿನ ರೋಗ, ಹುಳು ಇಲ್ಲಿನ ಬೆಳೆಗೆ ಬಾರದಿರಲೆಂದು ಮಾಡಿದ ನಿಯಮ, ನಾವೂ ಪಾಲಿಸಬೇಕಾದದ್ದು. ಅವನಿಗೆ ಬಿಡಿಸಿ ಹೇಳಿದೆ. ಪೊಟ್ಟಣಗಳನ್ನು ಅವನೇ ಬಿಚ್ಚಿ, ಬೂದಿಯ ಗಡಿಗೆಗೆ ಸುರಿದು ಬಂದ.

ಸೆಪ್ಟೆಂಬರಿನಲ್ಲಿ ಕನ್ನಡ ತರಗತಿ ಮತ್ತೆ ಶುರುವಾಗುತ್ತದೆ. ಮೊದಲ ಶನಿವಾರ ಪುಸ್ತಕ ತೆಗೆಯುವುದಿಲ್ಲ. ಮಕ್ಕಳು ಒಂದೊಂದು ಬಟ್ಟಲು ಹಿಟ್ಟು ತರಲಿ, ಜೋಳವೋ ಅಕ್ಕಿಯೋ ರಾಗಿಯೋ ಅವರವರ ಮನೆಯದು. ಎಸರು ಕಾಯಿಸಲು ಇಬ್ಬರು ದೊಡ್ಡವರು ಬೇಕು. ಬರಬಲ್ಲವರು ಸಮಿತಿಗೆ ತಿಳಿಸಿ. ಮುಂದಿನ ಬೇಸಿಗೆ ಊರಿಗೆ ಹೋಗುವ ಯೋಚನೆಯಿದ್ದವರು ಈಗಲೇ ಟಿಕೆಟು ನೋಡಿ. ಒಂದೇ ಮನೆಯಲ್ಲಿ ನಿಲ್ಲಿ, ಹೆಚ್ಚು ದಿನ ನಿಲ್ಲಿ, ನಿಮ್ಮ ಅವ್ವನಿಗೋ ಅತ್ತೆಗೋ ಮೊದಲೇ ಫೋನು ಮಾಡಿ ಏನು ಕೆಲಸವಿದೆ ಎಂದು ಕೇಳಿ.

ಜುಲೈ ಕೊನೆಯ ಭಾನುವಾರ ಅವ್ವ ವಿಡಿಯೊ ಕರೆ ಮಾಡಿದ್ದಳು. ಫೋನು ಹಿಡಿದದ್ದು ಆಚೆ ಮನೆಯ ಆಯಿಯ ಮೊಮ್ಮಗ. ಬೇಲಿಯ ತುಂಬ ಹೀರೆ ಇಳಿಬಿದ್ದಿತ್ತು. ಮೊದಲ ನಾಲ್ಕು ಕಾಯಿ ಪಲ್ಯಕ್ಕಾಯಿತಂತೆ, ಸಿಪ್ಪೆ ಚಟ್ನಿಗೆ. ಆಮೇಲೆ ಬಳ್ಳಿಯ ಬುಡದ ಹತ್ತಿರದ ಒಂದು ಉದ್ದ ಕಾಯಿಗೆ ಕ್ಯಾಮೆರಾ ತಿರುಗಿಸಿದರು. ಅದರ ತೊಟ್ಟಿಗೆ ನನ್ನ ಮಗಳ ಹಳೆಯ ಕೆಂಪು ರಿಬ್ಬನ್ನು ಕಟ್ಟಿತ್ತು.

'ಇದನ್ನ ಯಾರೂ ಕೊಯ್ಯಂಗಿಲ್ಲ,' ಎಂದಳು ಅವ್ವ. 'ಬೀಜಕ್ಕ ಬಿಟ್ಟೀನಿ.'